ಹನಿಗೆ ಮಾತ್ರ ಗೊತ್ತು

ಅಕ್ಕಪಕ್ಕ ಎರಡು ಗಾಜಿನ ಪಟ್ಟಿ, ಎರಡರ ಮೈಮೇಲೂ ಅತಿ ತೆಳುವಾದ ಚಿನ್ನದ ಲೇಪ. ಹಾಗೇ ನೋಡಿದರೆ ಹಳದಿ. ದೀಪಕ್ಕೆ ಅಡ್ಡ ಹಿಡಿದರೆ ಬಾವಿಯ ಆಳದಂಥ ನೀಲಿಹಸಿರು. ಎಷ್ಟು ಹೊತ್ತು ನೋಡುತ್ತ ಕೂತರೂ ಒಂದಕ್ಕೂ ಇನ್ನೊಂದಕ್ಕೂ ಭೇದ ಕಾಣುವುದಿಲ್ಲ. ಆದರೆ ಒಂದೊಂದರ ಮೇಲೂ ಒಂದೊಂದು ಹನಿ ನೀರು ಬಿಟ್ಟರೆ, ಮೊದಲನೆಯದರಲ್ಲಿ ಹನಿ ಗುರುತಿಲ್ಲದವರ ಜಗಲಿಯಲ್ಲಿ ಕೂತವನ ಹಾಗೆ ಮೈ ಮುದುರಿ ಪುಟ್ಟ ಗುಮ್ಮಟವಾಗಿ ನಿಂತುಬಿಡುತ್ತದೆ. ಎರಡನೆಯದರಲ್ಲಿ ತವರಿಗೆ ಬಂದ ಮಗಳಂತೆ ಕಾಲು ಚಾಚಿ ಹರಡಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಸಿಗದ್ದೇನೋ ಹನಿಗೆ ಸಿಕ್ಕಿದೆ.

ಸಿಕ್ಕಿದ್ದು ಒಂದೇ ಒಂದು ಅಣುವಿನಷ್ಟು ದಪ್ಪದ, ಎರಡು ನ್ಯಾನೋಮೀಟರಿನ ಆಸುಪಾಸಿನ ಹೊದಿಕೆ. ಅದನ್ನು ಯಾರೂ ನೇಯಲಿಲ್ಲ. ಹಿಂದಿನ ಸಂಜೆ ಯಾರೋ ಚಿನ್ನವನ್ನು ಚೆನ್ನಾಗಿ ತೊಳೆದು, ಗಂಧಕದ ತಲೆಯೂ ಹದಿನಾರು ಇಂಗಾಲಗಳ ಉದ್ದನೆಯ ಬಾಲವೂ ಇರುವ ಅಣುಗಳನ್ನು ತುಸುವೇ ಕರಗಿಸಿದ ಮದ್ಯಸಾರದಲ್ಲಿ ಮುಳುಗಿಸಿ, ಹಾಲಿಗೆ ಹೆಪ್ಪು ಹಾಕಿಟ್ಟ ಹಾಗೆ ಮುಚ್ಚಿಟ್ಟು, ದೀಪವಾರಿಸಿ ಮನೆಗೆ ಹೋದರು, ಅಷ್ಟೆ. ಗಂಧಕಕ್ಕೆ ಚಿನ್ನವೆಂದರೆ ಬಿಡಲಾಗದ ನಂಟು. ಮೊದಲ ಕೆಲವು ನಿಮಿಷಗಳಲ್ಲೇ ಅಣುಗಳು ಜಾತ್ರೆಗೆ ನುಗ್ಗಿದವರಂತೆ ಸಿಕ್ಕಿದ ಜಾಗ ಹಿಡಿದುಬಿಡುತ್ತವೆ. ಆಮೇಲೆ ರಾತ್ರಿಯಿಡೀ ನಡೆಯುವುದು ಬಲು ನಿಧಾನದ ಕೆಲಸ. ಅಡ್ಡ ಬಿದ್ದದ್ದು ಏಳುತ್ತದೆ, ಎದ್ದದ್ದು ಪಕ್ಕದ್ದಕ್ಕೆ ಒರಗುತ್ತದೆ, ಎಡೆಯಿದ್ದಲ್ಲಿ ಇನ್ನೊಂದು ತೂರಿಕೊಳ್ಳುತ್ತದೆ. ಬೆಳಗಾಗುವ ಹೊತ್ತಿಗೆ ಒಂದರಿಂದೊಂದಕ್ಕೆ ಸುಮಾರು ಅರ್ಧ ನ್ಯಾನೋಮೀಟರಿನ ಅಂತರದಲ್ಲಿ, ಸುಮಾರು 30 ಡಿಗ್ರಿ ಬಾಗಿ, ಗಾಳಿಗೆ ಒಂದೇ ಕಡೆ ವಾಲಿದ ಭತ್ತದ ಪೈರಿನಂತೆ ಎಲ್ಲವೂ ನಿಂತಿರುತ್ತವೆ. ಎರಡು ಗಾಜಿನ ಮೇಲೂ ಇದೇ ಪೈರು; ಎರಡನೆಯದರ ತುದಿತುದಿಯಲ್ಲಿ ಮಾತ್ರ ಆಮ್ಲಜನಕದ ಒಂದೊಂದು ಪರಮಾಣು ಹೆಚ್ಚು. ತನ್ನವರೆಂದು ಗುರುತು ಹಿಡಿಯಲು ನೀರಿಗೆ ಅಷ್ಟು ಸಾಕು.

ಚಿನ್ನದ ಮೇಲಿನ ಈ ಪೈರನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ರಾಲ್ಫ್ ನುಝೊ ಮತ್ತು ಡೇವಿಡ್ ಅಲ್ಲಾರಾ 1983ರಲ್ಲಿ ಜಗತ್ತಿಗೆ ತೋರಿಸಿದರು. ಅದಕ್ಕೂ ನೂರು ವರ್ಷ ಹಿಂದೆ, ಜರ್ಮನಿಯ ಬ್ರೌನ್‌ಶ್ವೈಗ್ ಊರಿನಲ್ಲಿ, ಹೆಣ್ಣೆಂಬ ಕಾರಣಕ್ಕೆ ವಿಶ್ವವಿದ್ಯಾಲಯದ ಬಾಗಿಲು ಕಾಣದ ಆಗ್ನೆಸ್ ಪೊಕೆಲ್ಸ್ ಮನೆವಾರ್ತೆಯ ನಡುವೆಯೇ ತಗಡಿನ ತೊಟ್ಟಿಯೊಂದರಲ್ಲಿ ನೀರು ತುಂಬಿ, ಮೇಲೆ ತೇಲುವ ಜಿಡ್ಡನ್ನು ತಗಡಿನ ಪಟ್ಟಿಯಿಂದ ಮೆಲ್ಲಗೆ ಒತ್ತರಿಸುತ್ತ, ನೀರಿನಿಂದ ಒಂದು ಗುಂಡಿಯನ್ನು ಎತ್ತಲು ಎಷ್ಟು ಬಲ ಬೇಕೆಂದು ಅಳೆಯುತ್ತ ನಿಂತಿದ್ದಳು. ಒತ್ತುತ್ತ ಒತ್ತುತ್ತ, ಜಿಡ್ಡು ಇಂಥದೇ ಒಂದಣು ದಪ್ಪದ ಹೊದಿಕೆಯಾಗುವ ಗಡಿಯಲ್ಲಿ, ನೀರಿನ ಹಿಡಿತ ಸಡಿಲುವುದನ್ನು ಅವಳ ಕೈ ಅರಿತಿತ್ತು. 1891ರಲ್ಲಿ ಭೌತವಿಜ್ಞಾನಿ ಲಾರ್ಡ್ ರೇಲಿಗೆ ಅವಳು ಬರೆದ ಕಾಗದ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಪಾತ್ರೆ ತೊಳೆಯುವಾಗ ನೀರಿನ ಮೇಲೆ ಬಣ್ಣಬಣ್ಣವಾಗಿ ತೆರೆದುಕೊಳ್ಳುವ ಎಣ್ಣೆಯನ್ನು ಕಂಡಾಗಲೆಲ್ಲ ನಲ್ಲಿ ನಿಲ್ಲಿಸಿ ಒಂದು ಗಳಿಗೆ ಸುಮ್ಮನಿರುತ್ತೇನೆ. ಅವಳೂ ಹೀಗೇ ನಿಂತಿದ್ದಿರಬೇಕು ಅನ್ನಿಸುತ್ತದೆ.

ಆಮೇಲೆ, 1990ರ ದಶಕದಲ್ಲಿ, ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್ ಮತ್ತು ಜೊತೆಗಾರರು ಗಂಧಕದ ತಲೆಯ ಆ ಅಣುಗಳನ್ನೇ ಶಾಯಿ ಮಾಡಿಕೊಂಡು ಮೆತ್ತನೆಯ ರಬ್ಬರ್ ಮೊಹರಿನಿಂದ ಚಿನ್ನದ ಮೇಲೆ ಅಚ್ಚೊತ್ತಿದರು. ಅಚ್ಚು ಬಿದ್ದಲ್ಲಿ ಒಂದು ಬಗೆಯ ಅಣು, ಬೀಳದೆ ಉಳಿದಲ್ಲಿ ಇನ್ನೊಂದು ಬಗೆ. ನೋಡಿದರೆ ಬರೀ ಚಿನ್ನ, ಗೆರೆಯಿಲ್ಲ, ಚುಕ್ಕಿಯಿಲ್ಲ. ಆದರೆ ತಣ್ಣಗಿರುವ ಆ ಚಿನ್ನದ ಮೇಲೆ, ಕನ್ನಡಿಗೆ ಊದಿದ ಹಾಗೆ, ಹಾ ಎಂದು ಒಮ್ಮೆ ಉಸಿರು ಬಿಟ್ಟರೆ, ಉಸಿರಿನ ತೇವ ಒಂದು ಕಡೆ ಹರಡಿ, ಇನ್ನೊಂದು ಕಡೆ ಸಣ್ಣ ಸಣ್ಣ ಮಣಿಯಾಗಿ, ಬೆಳಗಿನ ಅಂಗಳದಲ್ಲಿ ರಂಗೋಲಿ ಮೂಡಿದಂತೆ ಚಿತ್ತಾರವೆಲ್ಲ ಮಂಜಿನಲ್ಲಿ ಎದ್ದುಬರುತ್ತದೆ. ಎರಡೇ ಕ್ಷಣ. ತೇವ ಆರುತ್ತದೆ, ಮತ್ತೆ ಬರೀ ಚಿನ್ನ. ಚಿತ್ತಾರ ಮಾತ್ರ ಅಲ್ಲೇ ಇದೆ, ಇನ್ನೊಂದು ಉಸಿರಿನ ದಾರಿ ಕಾಯುತ್ತ.