ಹಿಂದಿನ ಎರಡು ಚಕ್ರ

ಹಳೇ ಸ್ಪೋರ್ಟ್ಸ್ ಕಾರು ಕೊಳ್ಳುವಾಗ ಅದರಲ್ಲಿ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಇದೆಯೋ ಇಲ್ಲವೋ ಅನ್ನೋದು ಅಷ್ಟು ಮುಖ್ಯವಾ? ಇದೇನಿದ್ದರೂ ಮೆಕ್ಯಾನಿಕ್ ಉತ್ತರ ಹೇಳಬೇಕಾದ ಪ್ರಶ್ನೆ ಅಂತ ನಾನೂ ಅಂದುಕೊಂಡಿದ್ದೆ. ಈಗ ಹಾಗನ್ನಿಸುತ್ತಿಲ್ಲ. ಯಾಕೆ ಅಂತ ಹೇಳೋಕೆ ಮೊದಲು ಸ್ವಲ್ಪ ಗೇರಿನ ವಿಷಯ ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಕಾರು ತಿರುವಿನಲ್ಲಿ ತಿರುಗುವಾಗ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದುಬಿಟ್ಟರೆ ಒಂದು ಚಕ್ರ ಉಜ್ಜಿಕೊಂಡೇ ಹೋಗಬೇಕಾಗುತ್ತೆ. ಅದಕ್ಕೇ ಮಧ್ಯೆ ಡಿಫರೆನ್ಶಿಯಲ್ ಇರೋದು. ಸಾಮಾನ್ಯ ಡಿಫರೆನ್ಶಿಯಲ್ ಎರಡೂ ಚಕ್ರಕ್ಕೆ ಸಮಾನವಾಗಿ ಟಾರ್ಕ್ ಕೊಡುತ್ತೆ. ಕೇಳೋಕೆ ನ್ಯಾಯವಾಗಿದೆ. ಆದರೆ ಒಂದು ಚಕ್ರ ಹಿಡಿತ ಕಳೆದುಕೊಂಡರೆ ಅದು ಎಷ್ಟು ತಡೆದುಕೊಳ್ಳುತ್ತೋ ಅಷ್ಟೇ ಬಲ ಇನ್ನೊಂದಕ್ಕೂ ಸಿಗೋದು. ಜಾರಿದ್ದು ಗಿರ್ರನೆ ಸುತ್ತುತ್ತೆ, ಗಟ್ಟಿ ನೆಲದ ಮೇಲಿರೋದು ಸುಮ್ಮನೆ ನಿಂತಿರುತ್ತೆ.

ಇದನ್ನ ನಾನು ಕಲಿತಿದ್ದು ಬಿಇ ಓದುವಾಗ ಅಲ್ಲ, ಮಂಡ್ಯ ಸೀಮೆಯ ನಮ್ಮ ಗದ್ದೆಯಲ್ಲಿ. ಕೆಸರು ಗದ್ದೆ ಉಳುವಾಗ ಟ್ರ್ಯಾಕ್ಟರ್ ಹೂತುಕೊಂಡರೆ ಅಪ್ಪ ಹಿಮ್ಮಡಿಯಲ್ಲಿ ಒಂದು ಪೆಡಲ್ ಒತ್ತುತ್ತಿದ್ದರು. ಅದು ಡಿಫರೆನ್ಶಿಯಲ್ ಲಾಕ್. ಎರಡೂ ಚಕ್ರ ಒಟ್ಟಿಗೆ ಸುತ್ತಿ ಗಾಡಿ ಹೊರಗೆ ಬರೋದು. "ಮೇಲಕ್ಕೆ ಬಂದೇಟಿಗೆ ಕಾಲು ತೆಗೀಬೇಕು ಕಣ್ಲಾ, ಲಾಕಲ್ಲೇ ತಿರುಗಿಸಬ್ಯಾಡ" ಅನ್ನೋರು. ಲಿಮಿಟೆಡ್ ಸ್ಲಿಪ್ ಅಂದರೆ ಆ ಕಾಲಿನ ಕೆಲಸವನ್ನು ಗೇರುಗಳೋ ಕ್ಲಚ್ಚುಗಳೋ ತಾವಾಗಿಯೇ, ಬೇಕಾದಷ್ಟು ಮಾತ್ರ ಮಾಡೋದು.

ಕೆಲವು ವರ್ಷ ಪ್ರಾಜೆಕ್ಟ್ ಮೇಲೆ ಸ್ಯಾನ್ ಹೋಸೆಯಲ್ಲಿದ್ದೆ. ಅಲ್ಲಿ ಸ್ಯಾರಟೋಗದಿಂದ ಸ್ಕೈಲೈನ್ ಕಡೆಗೆ ಬೆಟ್ಟ ಹತ್ತುವ ಹೈವೇ 9 ಇದೆ. ನಮ್ಮ ಘಾಟಿ ರಸ್ತೆಗಳ ಹಾಗೆ ತಿರುವೋ ತಿರುವು. ಆ ರಸ್ತೆಗೆ ಅಂತಲೇ ಒಂದು ಹಳೇ ಮಾಜ್ಡಾ ಮಿಯಾಟಾ ತಗೋಬೇಕು ಅನ್ನೋ ಆಸೆ ಹುಟ್ಟಿತು. 1989ರಲ್ಲಿ ಬಂದ ಪುಟ್ಟ ಎರಡು ಸೀಟಿನ ಕಾರು. 1994ರಲ್ಲಿ ಅದಕ್ಕೆ 1.6 ಲೀಟರ್ ಎಂಜಿನ್ ಹೋಗಿ 1.8 ಬಂತು, ಜೊತೆಗೆ ಟಾರ್ಸೆನ್ ಅನ್ನೋ ಗೇರಿನ ಲಿಮಿಟೆಡ್ ಸ್ಲಿಪ್ ಕೂಡ. ಆದರೆ ಅಮೆರಿಕದಲ್ಲಿ ಎಲ್ಲ ಕಾರಿಗೂ ಅದು ಬರುತ್ತಿರಲಿಲ್ಲ, ಬೇಕಾದವರು ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕಿತ್ತು. ಹಾಗಾಗಿ ಇವತ್ತಿಗೂ ಟಾರ್ಸೆನ್ ಇರೋ ಕಾರಿಗೆ ಒಂದು ಕೈ ಹೆಚ್ಚೇ ಬೆಲೆ.

ನನಗೆ ಸಿಕ್ಕಿದ್ದು 1995ರ ಕಾರು. ಮಾರುತ್ತಿದ್ದವರು ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರು. ಹದಿನೆಂಟು ವರ್ಷ ಇಟ್ಟುಕೊಂಡಿದ್ದರು. ಭಾನುವಾರ ಹೆಂಡತಿ ಜೊತೆ ಇದೇ ಬೆಟ್ಟ ಹತ್ತುತ್ತಿದ್ದರಂತೆ. ಆಕೆ ಹೋದ ಮೇಲೆ ಕಾರು ಶೆಡ್ಡಿನಲ್ಲೇ ನಿಂತಿತ್ತು. "ಇದರಲ್ಲಿ ಟಾರ್ಸೆನ್ ಇದೆ, ತಿರುವಿನಿಂದ ಆಚೆ ಬರುವಾಗ ನಿನಗೇ ಗೊತ್ತಾಗುತ್ತೆ" ಅಂದರು. ಅವರಿಗೆ ಮಾರಿದವನು ಹಾಗೆ ಹೇಳಿದ್ದನಂತೆ. ಕೇಳಿದ್ದು 6500 ಡಾಲರ್.

ಪರೀಕ್ಷೆ ಸುಲಭ. ಹಿಂದಿನ ಎರಡೂ ಚಕ್ರ ಜಾಕಿನಿಂದ ಎತ್ತಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಒಂದು ಚಕ್ರವನ್ನು ಕೈಯಲ್ಲಿ ತಿರುಗಿಸಬೇಕು. ಇನ್ನೊಂದು ಚಕ್ರ ಅದೇ ದಿಕ್ಕಿಗೆ ತಿರುಗಿದರೆ ಟಾರ್ಸೆನ್. ಉಲ್ಟಾ ತಿರುಗಿದರೆ ಮಾಮೂಲಿ ಡಿಫರೆನ್ಶಿಯಲ್. ಅವರು ಕಾಫಿ ತರಲು ಒಳಗೆ ಹೋಗಿದ್ದರು. ನಾನು ತಿರುಗಿಸಿದೆ. ಉಲ್ಟಾ ತಿರುಗಿತು. ಇನ್ನೊಂದು ಸಲ ತಿರುಗಿಸಿದೆ. ಮತ್ತೆ ಉಲ್ಟಾ.

ಅವರು ಕಪ್ಪು ಹಿಡಿದು ಬಂದು "ಹೇಗಿದೆ?" ಅಂದರು. ನಾನು "ಚೆನ್ನಾಗಿದೆ" ಅಂದೆ. ಚೌಕಾಸಿ ಮಾಡದೆ ಪೂರ್ತಿ ದುಡ್ಡು ಕೊಟ್ಟು ಬಂದೆ.

ಒಳ್ಳೇ ಕೆಲಸ ಮಾಡಿದೆ ಅನ್ನೋ ಖುಷಿಯಲ್ಲೇ ಮನೆಗೆ ಬಂದೆ. ಹದಿನೆಂಟು ವರ್ಷ ಅವರು ಆ ತಿರುವುಗಳಲ್ಲಿ ಪಟ್ಟ ಸಂತೋಷ ಸುಳ್ಳಾ? ಕಾರು ನಿಜವಾಗಿಯೂ ತಿರುಗಿತ್ತು, ಪಕ್ಕದಲ್ಲಿ ಹೆಂಡತಿ ನಿಜವಾಗಿಯೂ ನಕ್ಕಿದ್ದರು. ಒಣ ರಸ್ತೆಯಲ್ಲಿ, 128 ಹಾರ್ಸ್‌ಪವರಿನ ಹಗುರ ಕಾರಿನಲ್ಲಿ, ಸುಮ್ಮನೆ ಸುತ್ತಾಡೋಕೆ ಹೋಗುವವರಿಗೆ ವ್ಯತ್ಯಾಸ ತಿಳಿಯೋದೇ ಕಷ್ಟ. ಬಿಗಿ ತಿರುವಿನಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿ, ಒಳಗಿನ ಚಕ್ರದ ಮೇಲಿನ ಭಾರ ಇಳಿದಾಗ ತಾನೇ ಅದರ ಅಗತ್ಯ? ಇಲ್ಲದ ವಸ್ತುವಿನ ಕೊರತೆಯೇ ಗೊತ್ತಾಗದವರಿಗೆ ಅದು ಇಲ್ಲ ಅಂತ ಯಾಕೆ ಹೇಳಬೇಕು?

ಮುಂದಿನ ವರ್ಷ ರಜೆಗೆ ಊರಿಗೆ ಬಂದೆ. ಟ್ರ್ಯಾಕ್ಟರ್ ನಿಲ್ಲಿಸೋ ಕೊಟ್ಟಿಗೆ ಖಾಲಿ. ಮಾರಿ ಎಂಟು ತಿಂಗಳಾಗಿತ್ತಂತೆ. ಬೆಳೆಸಾಲ ಮೈಮೇಲೆ ಬಂದಿತ್ತು. ಆ ಎಂಟು ತಿಂಗಳೂ ವಾರಕ್ಕೊಮ್ಮೆ ಫೋನ್ ಮಾಡಿದ್ದೆ. "ಟ್ರ್ಯಾಕ್ಟರ್ ಹೆಂಗದೆ ಅಪ್ಪ?" ಅಂದರೆ "ಚೆನ್ನಾಗದೆ" ಅಂತಿದ್ದರು. ಜಗಳ ಆಡಿದೆ. "ಅಷ್ಟು ದೂರ ಇರೋನಿಗೆ ಹೇಳಿ ಯಾಕೆ ನೋಯಿಸೋದು ಅಂತ ಸುಮ್ಕಿದ್ದೆ ಕಣಪ್ಪ" ಅಂದರು.

ಟ್ರ್ಯಾಕ್ಟರ್ ಹೋಗಿದ್ದಕ್ಕಿಂತ, ನಾನು ಎಷ್ಟು ತಡೆದುಕೊಳ್ಳಬಲ್ಲೆ ಅನ್ನೋದನ್ನ ನನ್ನನ್ನು ಕೇಳದೆ ಅಪ್ಪನೇ ತೀರ್ಮಾನಿಸಿದ್ದು ನನಗೆ ಚುಚ್ಚಿತು. ಹೇಳಿದ್ದರೆ ದುಡ್ಡು ಕಳಿಸುತ್ತಿದ್ದೆ. ಆ ಅವಕಾಶವೇ ಇಲ್ಲದ ಹಾಗೆ ಮಾಡಿಬಿಟ್ಟರು. ಆ ರಾತ್ರಿ ಜಗಲಿ ಮೇಲೆ ಮಲಗಿದ್ದಾಗ ಮೇಷ್ಟ್ರ ಶೆಡ್ಡು ನೆನಪಾಯಿತು. ನಾನು ಮಾಡಿದ್ದೂ ಇದನ್ನೇ ಅಲ್ವಾ?

ಬೆಂಗಳೂರಿಗೆ ವಾಪಸ್ ಬರುವ ಮೊದಲು ಕಾರು ಮಾರಬೇಕಾಯಿತು. ನೋಡಲು ಬಂದ ಕಾಲೇಜು ಹುಡುಗ ಕೇಳಿದ ಮೊದಲ ಪ್ರಶ್ನೆ, "ಟಾರ್ಸೆನ್ ಇದೆಯಾ?" ಹೂಂ ಅಂದಿದ್ದರೆ ಬೆಲೆ ಬರೋದು. ಆದರೆ ಮೇಷ್ಟ್ರು ಹೂಂ ಅಂದಿದ್ದು ನಂಬಿಕೆ, ನಾನು ಹೂಂ ಅಂದರೆ ಅದು ಮೋಸ. ಪದ ಒಂದೇ ಆದರೂ ಮಧ್ಯದಲ್ಲಿ ನಾನು ಚಕ್ರ ತಿರುಗಿಸಿ ನೋಡಿದ್ದೆ. ಇಲ್ಲ ಅಂದೆ. 800 ಡಾಲರ್ ಕಡಿಮೆಗೆ ಕೊಟ್ಟೆ. ನನ್ನ ಮೌನದ ಖರ್ಚನ್ನ ನಾನೇ ಕಟ್ಟಬೇಕಿತ್ತು, ಆ ಹುಡುಗನ ತಲೆಗೆ ಹಾಕೋಕೆ ಆಗುತ್ತಿರಲಿಲ್ಲ.

ಹಾಗಂತ ಲೆಕ್ಕ ಚುಕ್ತಾ ಆಯಿತಾ? ಇಲ್ಲ ಅನ್ನಿಸುತ್ತೆ. ದುಡ್ಡು ಕಳೆದುಕೊಂಡವನು ನಾನೇ ಇರಬಹುದು, ಮೇಷ್ಟ್ರಿಗೆ ನಷ್ಟವೇನೂ ಆಗಲಿಲ್ಲ. ಆದರೆ ಅವರು ಪ್ರಾಮಾಣಿಕ ಮನುಷ್ಯ. ವಿಷಯ ಗೊತ್ತಾಗಿದ್ದರೆ ತಾವೇ ಬೆಲೆ ಇಳಿಸುತ್ತಿದ್ದರೋ ಏನೋ. "ಅಯ್ಯೋ, ಇಷ್ಟು ವರ್ಷ ನನಗೇ ಗೊತ್ತಾಗಲಿಲ್ವಲ್ಲ" ಅಂತ ನಕ್ಕುಬಿಡುತ್ತಿದ್ದರೋ ಏನೋ. ಪ್ರಾಮಾಣಿಕವಾಗಿರೋ ಅವಕಾಶವನ್ನೇ ನಾನು ಅವರಿಂದ ಕಿತ್ತುಕೊಂಡೆ. ವಯಸ್ಸಾದವರು, ಹೆಂಡತಿ ಕಳೆದುಕೊಂಡವರು, ತಡೆದುಕೊಳ್ಳಲ್ಲ ಅಂತ ನಾನೇ ತೀರ್ಪು ಕೊಟ್ಟಿದ್ದೆ. ಕರುಣೆ ಅಂದುಕೊಂಡಿದ್ದರಲ್ಲಿ ಸ್ವಲ್ಪ ಉಡಾಫೆಯೂ ಇತ್ತು.

ಎಲ್ಲ ಸತ್ಯವನ್ನೂ ಎಲ್ಲರ ಮುಖಕ್ಕೆ ಹೇಳಲೇಬೇಕು ಅಂತ ನಾನು ಹೇಳುತ್ತಿಲ್ಲ. ಆ ಕಾರು ಮಾರಿ ಎಷ್ಟೋ ವರ್ಷ ಆದಮೇಲೆ ಮೇಷ್ಟ್ರು ಸಿಕ್ಕಿದ್ದರೆ, ಕರೆದು ಕೂರಿಸಿ ಈ ವಿಷಯ ಹೇಳಬೇಕಾದ ಅಗತ್ಯ ಏನೂ ಇರಲ್ಲ. ನಾನು ಈಗ ಹಾಕಿಕೊಂಡಿರೋ ಗೆರೆ ಇಷ್ಟೇ: ಎದುರಿನವರು ಆ ವಿಷಯದಲ್ಲಿ ಇನ್ನೂ ಏನಾದರೂ ತೀರ್ಮಾನ ಮಾಡೋದು ಬಾಕಿ ಇದ್ದರೆ, ಸುಮ್ಮನಿರೋ ಹಕ್ಕು ನನಗಿಲ್ಲ. ಮೇಷ್ಟ್ರು ಬೆಲೆ ತೀರ್ಮಾನಿಸಬೇಕಿತ್ತು. ನಾನು ದುಡ್ಡು ಕಳಿಸೋದೋ ಬೇಡವೋ ತೀರ್ಮಾನಿಸಬೇಕಿತ್ತು.

ಮೊದಲಿನ ಪ್ರಶ್ನೆಗೆ ಉತ್ತರ ಬೇಕಾ? ಹಳೇ ಕಾರು ನೋಡೋಕೆ ಹೋದರೆ ಮೊದಲು ತುಕ್ಕು ನೋಡಿ, ಟಯರ್ ನೋಡಿ, ಎಂಜಿನ್ನಿನ ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಕೇಳಿ. ರೇಸ್ ಟ್ರ್ಯಾಕಿಗೆ ಹೋಗಲ್ಲ ಅಂದರೆ ಲಿಮಿಟೆಡ್ ಸ್ಲಿಪ್ ಇಲ್ಲದಿದ್ದರೂ ನಡೆಯುತ್ತೆ. ಆದರೆ ಚಕ್ರ ತಿರುಗಿಸಿ ನೋಡಿದಿರೋ, ಕಂಡದ್ದನ್ನ ಹೇಳಿ.

ಮೊನ್ನೆ ಅಪ್ಪನಿಗೆ ಫೋನ್ ಮಾಡಿದ್ದೆ. "ಮಂಡಿನೋವು ಹೆಂಗದೆ?" ಅಂದೆ. "ಚೆನ್ನಾಗದೆ" ಅಂದರು. ನಾನು ಏನೂ ಮಾತಾಡದೆ ಫೋನ್ ಹಿಡಕೊಂಡೇ ಇದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವರೇ, "ಮೆಟ್ಟಿಲು ಹತ್ತಾಕಾಗ್ತಿಲ್ಲ ಕಣಪ್ಪ" ಅಂದರು. ಶನಿವಾರ ಊರಿಗೆ ಹೊರಟಿದ್ದೀನಿ.