ಲಂಚ ಕೊಡುವವನು ನಿರ್ದೋಷಿಯೋ?

ಲಂಚ ತೆಗೆದುಕೊಳ್ಳುವವನು ದೋಷಿಯೆಂಬದರಲ್ಲಿ ಯಾರಿಗೂ ಸಂದೇಹವಿಲ್ಲ. ಕೊಡುವವನ ವಿಷಯದಲ್ಲಾದರೋ ನಮ್ಮ ಮನಸ್ಸು ಎರಡಾಗುತ್ತದೆ. ಅನ್ಯರ ಹಕ್ಕನ್ನು ತನ್ನದಾಗಿಸಿಕೊಳ್ಳುವದಕ್ಕೆ ಹಣ ಕೊಡುವವನು ಪಾಪಿಯೇ ಸರಿ. ತನಗಿಂತ ಮೊದಲು ಬಂದವರನ್ನು ಹಿಂದಕ್ಕೆ ತಳ್ಳುವದಕ್ಕೆ ಕೊಡುವವನೂ ಹಾಗೆಯೇ. ಆದರೆ ವಿಧವೆಯೊಬ್ಬಳು ಗಂಡನ ಹೊಲದ ಖಾತೆಗಾಗಿ ಹತ್ತು ಸಾರಿ ಕಚೇರಿಗೆ ಅಲೆದು, ಕಡೆಗೆ ಕೇಳಿದಷ್ಟನ್ನು ಕೊಟ್ಟರೆ, ಆಕೆಯನ್ನು ಏನೆನ್ನೋಣ?

1988ರ ಭ್ರಷ್ಟಾಚಾರ ನಿಗ್ರಹ ಕಾಯಿದೆಗೆ 2018ರಲ್ಲಾದ ತಿದ್ದುಪಡಿಯು ಲಂಚ ಕೊಡುವವನನ್ನೂ ದಂಡನೆಗೆ ಒಳಪಡಿಸಿತು. ಆದರೂ ಬಲವಂತದಿಂದ ಕೊಟ್ಟವನು ಏಳು ದಿನಗಳೊಳಗೆ ಅಧಿಕಾರಿಗಳಿಗೆ ತಿಳಿಸಿದರೆ ಅವನಿಗೆ ದಂಡನೆಯಿಲ್ಲ. ಅಂದರೆ ಕಾನೂನು ಬಡವರ ನಿರ್ಬಂಧವನ್ನು ಮನ್ನಿಸುತ್ತದೆ, ಮೌನವನ್ನು ಮನ್ನಿಸುವದಿಲ್ಲ.

ಇಂಥಾ ದೂರುಗಳನ್ನು ಕೇಳುವದಕ್ಕೆ ನಮ್ಮ ರಾಜ್ಯದಲ್ಲಿ ಲೋಕಾಯುಕ್ತವೆಂಬ ಸಂಸ್ಥೆಯುಂಟು. ಇದರ ಕಾಯಿದೆಯು 1984ನೆಯದು. ಕಾರ್ಯವು 1986ರಲ್ಲಿ ಆರಂಭವಾಯಿತು. 2016ರಲ್ಲಿ ಲಂಚದ ಮೊಕದ್ದಮೆಗಳು ಭ್ರಷ್ಟಾಚಾರ ನಿಗ್ರಹ ದಳಕ್ಕೆ ಹೋದವು. 2022ರಲ್ಲಿ ಹೈಕೋರ್ಟು ಆ ದಳವನ್ನು ರದ್ದು ಮಾಡಿ, ಅಧಿಕಾರವನ್ನು ಲೋಕಾಯುಕ್ತಕ್ಕೆ ತಿರಿಗಿ ಒಪ್ಪಿಸಿತು. ಲಂಚ ಕೇಳಿದನೆಂದು ಒಬ್ಬನು ಮುಂಚಿತವಾಗಿ ದೂರಿತ್ತರೆ, ಪೊಲೀಸರು ನೋಟುಗಳಿಗೆ ಒಂದು ಪುಡಿಯನ್ನು ಹಚ್ಚಿಕೊಡುತ್ತಾರೆ. ಅವನ್ನು ಮುಟ್ಟಿದ ಕೈಯನ್ನು ಸೋಡಾ ಬೆರೆಸಿದ ನೀರಿನಲ್ಲಿ ತೊಳೆಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆದರೆ ದೂರು ಕೊಡುವವನೇ ಇಲ್ಲದಿದ್ದರೆ ಪುಡಿಯೂ ನೀರೂ ಏನು ಮಾಡಾವು?

ನಮ್ಮ ಸೀಮೆಯ ಈಸೂರನ್ನು ನೆನಸಿರಿ. 1942ರಲ್ಲಿ ಆ ಊರವರು ಸ್ವತಂತ್ರರೆಂದು ಸಾರಿ, ಕಂದಾಯ ನಿರಾಕರಿಸಿ, ಬಾಲಕರನ್ನೇ ಅಮಲ್ದಾರ ಮುಂತಾದ ಹುದ್ದೆಗಳಲ್ಲಿ ನಿಲ್ಲಿಸಿದರು. ಬಳಿಕಾದ ಗಲಭೆಯಲ್ಲಿ ಸರಕಾರದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಹತರಾದರು. 1943ರಲ್ಲಿ ಊರಿನ ಐವರಿಗೆ ಗಲ್ಲಾಯಿತು. ಎರಡು ಕಡೆಯ ರಕ್ತಕ್ಕಾಗಿಯೂ ನಾವು ದುಃಖಿಸುತ್ತೇವೆ. ಆದರೆ ಅಷ್ಟು ಬೆಲೆ ತೆತ್ತು ಬಂದ ಸ್ವಂತ ಆಳಿಕೆಯಲ್ಲಿ, ನಮ್ಮವರೇ ಆದ ಅಧಿಕಾರಿಗಳ ಮುಂದೆ ತುಟಿ ಬಿಚ್ಚಲು ಅಂಜುವದು ನ್ಯಾಯವೋ? ಇಂದು ಕತ್ತಿ ಕೊಡಲಿಗಳು ಬೇಕಿಲ್ಲ; ಒಂದು ಕಾಗದವೂ ಪ್ರಮಾಣಪತ್ರವೂ ಸಾಕು.

ಕಾವಲುಗಾರನೇ ಕೆಟ್ಟರೆ ಎಂದು ಕೆಲವರು ಕೇಳುವರು. 2015ರಲ್ಲಿ ಲೋಕಾಯುಕ್ತರ ಮಗನೇ ಹಣ ವಸೂಲಿಯ ಆರೋಪದ ಮೇಲೆ ಬಂಧಿತನಾದನು. ಲೋಕಾಯುಕ್ತರು ಅದೇ ವರುಷ ರಾಜೀನಾಮೆಯಿತ್ತರು. ಇದು ಹೊಸ ಸಂಗತಿಯಲ್ಲ. ಸಮುವೇಲನ ಮಕ್ಕಳೂ ಲಂಚಕ್ಕೆ ಕೈಯೊಡ್ಡಿದರು. ಆದರೆ ಸಮುವೇಲನು ಮುದುಕನಾದಾಗ ಜನರೆಲ್ಲರ ಮುಂದೆ ನಿಂತು, ತಾನು ಯಾರಿಂದಲಾದರೂ ಲಂಚ ತೆಗೆದುಕೊಂಡದ್ದುಂಟೋ ಎಂದು ತನಗೆ ವಿರೋಧವಾಗಿಯೇ ಸಾಕ್ಷಿಯನ್ನು ಕೇಳಿದನು. ನೀತಿವಂತನಾದ ನ್ಯಾಯಾಧಿಪತಿಗೂ ಜನರ ಸಾಕ್ಷಿಯು ಬೇಕಾಯಿತು.

ಆದಕಾರಣ ಆ ವಿಧವೆಯನ್ನು ಪಾಪಿಯೆಂದು ದೂಷಿಸುವ ಮೊದಲು ನಮ್ಮನ್ನು ಪರೀಕ್ಷಿಸಿಕೊಳ್ಳೋಣ. ಆಕೆಯ ಮೌನಕ್ಕೆ ಕಾರಣವು ಭಯ. ಭಯಕ್ಕೆ ಕಾರಣವು ಒಂಟಿತನ. ನಾಳೆ ಅದೇ ಕಚೇರಿಗೆ ಆಕೆ ಮತ್ತೆ ಹೋಗಬೇಕಲ್ಲವೇ? ಸಭೆಯ ಹಿರಿಯರು ಆಕೆಯ ಸಂಗಡ ಹೋಗಲಿ. ಓದುಬಲ್ಲ ಯೌವನಸ್ಥನು ದೂರನ್ನು ಬರೆದುಕೊಡಲಿ. ಹಗೆಯಿಂದ ಸುಳ್ಳುದೂರು ಕೊಡುವದು ದೇವರಾಜ್ಞೆಗೂ ಕಾನೂನಿಗೂ ವಿರೋಧವಾದದರಿಂದ, ಬರೆದದ್ದು ಸತ್ಯವೋ ಎಂದು ಮೊದಲು ವಿಚಾರಿಸಲಿ. ಪಿಲಾತನು ಕೈ ತೊಳೆದ ನೀರು ಬಣ್ಣ ತಿರುಗಲಿಲ್ಲ. ಆದರೂ ಅವನು ನಿರ್ದೋಷಿಯಾಗಲಿಲ್ಲ. ಸುಮ್ಮನೆ ನೋಡುವ ನೆರೆಯವರಾದ ನಾವು ಇದನ್ನು ಮರೆಯದಿರೋಣ.