ಪಟ್ಟಿಯ ಅಡಿಯಲ್ಲಿ

ಮಳೆಗಾಲ ಮುಗಿದ ಮೇಲಿನ ಮೊದಲ ಭಾನುವಾರ. ಮಂಗಳೂರಿನ ಮನೆಯಲ್ಲಿ ಮಾವನ ಕಾರಿನ ಹೊದಿಕೆ ತೆಗೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಹಿಂದಿನ ಬಂಪರಿನ ಎಡ ಮೂಲೆ. ಕ್ರೋಮಿನ ಮೇಲಿನ ಕಪ್ಪು ರಬ್ಬರ್ ಪಟ್ಟಿ ಒಂದು ಗೇಣಿನಷ್ಟು ಬಿಟ್ಟುಕೊಂಡು, ತುದಿ ಹೊರಕ್ಕೆ ಚಾಚಿ ನಿಂತಿತ್ತು. ಕಾರು ಮರ್ಸಿಡಿಸ್ ಬೆಂಜ್ 240ಡಿ, ಡಬ್ಲ್ಯು 123 ಮಾದರಿ. 1976ರಲ್ಲಿ ಹೊರಬಂದು ಸುಮಾರು ಹತ್ತು ವರ್ಷಗಳಲ್ಲಿ 27 ಲಕ್ಷದಷ್ಟು ತಯಾರಾದ ಕಾರು ಅದು. ಜರ್ಮನಿಯಲ್ಲಿ ಟ್ಯಾಕ್ಸಿಯಾಗಿ ದುಡಿದೇ ಹೆಸರು ಮಾಡಿತು. ಅದರ ಎಂಜಿನ್ ಎಷ್ಟು ಗಟ್ಟಿ ಎಂದು ಹೊಗಳುವವರು ಬೇಕಾದಷ್ಟು ಮಂದಿ. ಬಂಪರಿನ ರಬ್ಬರನ್ನು ಯಾರೂ ನೆನೆಯುವುದಿಲ್ಲ.

"ಸ್ವಲ್ಪ ಗಮ್ ಹಾಕಿ ಒತ್ತಿಬಿಡೋಣ ಮಾವ" ಎಂದೆ.

"ತಡಿ ಮಾರಾಯ. ಮೊದಲು ಅಡಿಯಲ್ಲಿ ಏನುಂಟು ನೋಡು" ಎಂದರು.

ಟಾರ್ಚ್ ಹಿಡಿದು ಬಗ್ಗಿದೆ. ಪಟ್ಟಿಯ ಹಿಂದೆ ಬಿಳಿಯ ಸಿಲಿಕೋನ್ ಒಣಗಿ ಸಿಪ್ಪೆಸಿಪ್ಪೆಯಾಗಿತ್ತು. ಯಾವಾಗಲೋ ಯಾರೋ ಅವಸರದಲ್ಲಿ ಅಂಟಿಸಿದ್ದರು. ಅದನ್ನು ಉಗುರಿನಲ್ಲಿ ಎಬ್ಬಿಸಿದರೆ ಕೆಳಗೆ ಕಂದು ತುಕ್ಕು, ಮಳೆ ನೀರಿನ ತೇವ. ಹಚ್ಚುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಗಟ್ಟಿಯಾಗುತ್ತಾ ಅಸಿಟಿಕ್ ಆಮ್ಲ ಬಿಡುತ್ತದೆ. ಹೊಳಪು ಕಿತ್ತ ಉಕ್ಕಿಗೆ ಅದು ವಿಷವೇ. ಸೇರಿಸಲೆಂದು ಹಚ್ಚಿದ್ದೇ ಒಳಗಿನಿಂದ ತಿನ್ನತೊಡಗಿತ್ತು.

ಕ್ರೋಮ್ ಎಂದರೆ ದಪ್ಪ ಕವಚ ಎಂದು ನಾನೂ ತಿಳಿದಿದ್ದೆ. ಉಕ್ಕನ್ನು ನಿಜವಾಗಿ ಕಾಯುವುದು ಅದರ ಕೆಳಗಿನ ನಿಕ್ಕಲ್. ಮೇಲಿನ ಕ್ರೋಮ್ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತಲೂ ತೆಳು. ಅದರ ಮುಂದೆ ತಲೆಗೂದಲು ಹಗ್ಗದಂತೆ. ಆ ಪದರದಲ್ಲಿ ಎಲ್ಲಾದರೂ ಬಿರುಕು ಸಿಕ್ಕಿದರೆ ಕಡಲ ಗಾಳಿಯ ಉಪ್ಪು ಬಿಡುವುದಿಲ್ಲ. ಬಿಸಿಲು ಗಾಳಿ ತಾಗುವ ಕಡೆ ನೀರು ಒಣಗುತ್ತದೆ, ಪಟ್ಟಿಯ ಅಡಿಯಲ್ಲಿ ಒಣಗುವುದಿಲ್ಲ. ಮನೆಯ ತಾರಸಿ ಸೋರುವುದೂ ನೀರು ನಿಂತ ಕಡೆಯಲ್ಲೇ ಅಲ್ಲವೇ?

ರಬ್ಬರಿನ ಕಥೆ ಬೇರೆ. ವರ್ಷಗಟ್ಟಲೆ ಬಿಸಿಲು, ಓಝೋನ್ ತಿಂದು ಅದು ಮೆದುತನ ಕಳೆದುಕೊಳ್ಳುತ್ತದೆ, ಬಿರುಸಾಗುತ್ತದೆ, ಉದ್ದದಲ್ಲೂ ಚೂರು ಕುಗ್ಗುತ್ತದೆ. ಕುಗ್ಗಿದ ಪಟ್ಟಿ ತನ್ನ ಎರಡೂ ತುದಿಗಳನ್ನು ಒಳಕ್ಕೆ ಎಳೆಯುತ್ತದೆ. ಬಂಪರ್ ಬಾಗುವ ಮೂಲೆಯಲ್ಲಿ ನೆಟ್ಟಗಾಗಲು ಹವಣಿಸುತ್ತದೆ. ಆದ್ದರಿಂದಲೇ ಮೊದಲು ಬಿಡುವುದು ಮೂಲೆ. ಆ ಎಳೆತಕ್ಕೆ ದಾರಿ ಮಾಡಿಕೊಡದೆ ಬರೀ ಅಂಟು ಸುರಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಪಾಡು. ಇದು ಮಾವನಿಗೆ ಗೊತ್ತಿತ್ತು, ನನಗೆ ಅವತ್ತು ಗೊತ್ತಾಯಿತು.

ಬಂಪರಿನ ಹಿಂಬದಿಯ ನಟ್ಟುಗಳು ಕಚ್ಚಿಕೊಂಡಿದ್ದವು. ಎಣ್ಣೆ ಬಿಟ್ಟು ರಾತ್ರಿಯಿಡೀ ಇಟ್ಟೆವು. ಮರುದಿನ ಸಡಿಲಿಸಿ ನೋಡಿದರೆ ಎರಡು ಕ್ಲಿಪ್ ತುಂಡಾಗಿದ್ದವು, ಬೇರೆ ತರಿಸಬೇಕಾಯಿತು. ಅವು ಬರುವ ತನಕ ನನಗೆ ಸಿಕ್ಕಿದ್ದು ಉಜ್ಜುವ ಕೆಲಸ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಮುದ್ದೆ ಮಾಡಿ ನೀರಲ್ಲಿ ಅದ್ದಿ ಹಗುರಾಗಿ ಉಜ್ಜಿದರೆ ಮೇಲ್ಮೈ ತುಕ್ಕು ಕಂದು ರಾಡಿಯಾಗಿ ಇಳಿಯುತ್ತದೆ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು, ಗೀರು ಬೀಳುವ ಭಯ ಕಡಿಮೆ. ಅರ್ಧ ಗಂಟೆಯಲ್ಲಿ ನನ್ನ ಮುಖ ಅಲ್ಲಿ ಕಾಣತೊಡಗಿತು. ಆಳಕ್ಕೆ ಇಳಿದ ಚುಕ್ಕೆಗಳು ಮಾತ್ರ ಹಾಗೇ ಉಳಿದವು. ಹೊಸದಾಗಿ ಕ್ರೋಮ್ ಹಾಕಿಸಿದರೆ ಹೋಗುತ್ತವೆ. ಮಾವ ಒಪ್ಪಲಿಲ್ಲ, ನನಗೂ ಅದೇ ಸರಿಯೆನಿಸಿತು.

ಹೊಸ ಪಟ್ಟಿಯನ್ನೂ ಅವರು ಬೇಡವೆಂದರು. ಐವತ್ತು ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಗಳಿಗೆ 2021ರ ನಿಯಮದಲ್ಲಿ 'ವಿಎ' ಎಂಬ ಪ್ರತ್ಯೇಕ ನೋಂದಣಿ ಉಂಟು. ಈ ಕಾರಿಗೆ ಇನ್ನೂ ಕೆಲವು ವರ್ಷ ಬೇಕು. ಅವರು ಹಳೆಯದನ್ನು ಉಳಿಸಿದ್ದು ಅದಕ್ಕಾಗಿ ಅಲ್ಲ. ಆ ಪಟ್ಟಿಯ ಬಲಬದಿಯಲ್ಲಿ ಅತ್ತೆ ಕಾರು ಕಲಿಯುವಾಗ ಗೇಟಿನ ಕಂಬಕ್ಕೆ ತಾಗಿಸಿದ ಗುರುತಿದೆ. ಅತ್ತೆ ಈಗಿಲ್ಲ.

ಕ್ಲಿಪ್ ಬಂದ ದಿನ ಪಟ್ಟಿಯನ್ನು ಬಿಸಿನೀರಿನಲ್ಲಿಟ್ಟು ಮೆತ್ತಗೆ ಮಾಡಿದೆವು. ಎಳೆದು ಉದ್ದ ಮಾಡಿ ಕೂರಿಸಬಾರದು. ಎಳೆದದ್ದು ಮರಳಿ ಕುಗ್ಗಿಯೇ ಕುಗ್ಗುತ್ತದೆ. ನಡುವಿನಿಂದ ತುದಿಯ ಕಡೆಗೆ, ಪ್ರತಿ ಕ್ಲಿಪ್ಪಿನ ಹತ್ತಿರ ತುಸು ಹಿಂದಕ್ಕೆ ನೂಕುತ್ತಾ ಒತ್ತಿದರು. ಪೆಟ್ರೋಲಿನಲ್ಲಿ ಒರೆಸಲು ಬಿಡಲಿಲ್ಲ, ರಬ್ಬರ್ ಉಬ್ಬುತ್ತದಂತೆ, ಸ್ಪಿರಿಟ್ ಕೊಟ್ಟರು. ಚಪ್ಪಲಿ ಹೊಲಿಯುವವರು ಬಳಸುವ ಸೊಲ್ಯೂಷನ್ನನ್ನು ಎರಡೂ ಕಡೆ ತೆಳುವಾಗಿ ಸವರಿ, ಬೆರಳಿಗೆ ಅಂಟದಷ್ಟು ಒಣಗುವ ತನಕ ಕಾದು, ಮತ್ತೆ ಒತ್ತಿದ್ದು. ಅದೂ ತುದಿಯಲ್ಲಿ ಮಾತ್ರ, ನಾಲ್ಕು ಬೆರಳಿನಷ್ಟು. ಪೂರ್ತಿ ಹಚ್ಚಿದರೆ ಇನ್ನೂ ಗಟ್ಟಿಯಲ್ಲವೇ ಎಂದು ಕೇಳಿದೆ.

"ಆಮೇಲೆ ಬಿಚ್ಚುವವರು ಏನು ಮಾಡಬೇಕು?" ಎಂದರು.

ಪೇಪರ್ ಟೇಪ್ ಸುತ್ತಿ ಒಂದು ರಾತ್ರಿ ಬಿಟ್ಟೆವು. ಬೆಳಿಗ್ಗೆ ಟೇಪ್ ತೆಗೆದಾಗ ಮೂಲೆ ಕ್ರೋಮಿಗೆ ಒರಗಿ ಕೂತಿತ್ತು. ಮಾವ ಕನ್ನಡಕ ಹಾಕಿಕೊಂಡು, ಕಾರಿನಲ್ಲೇ ಇಡುವ ಸರ್ವಿಸ್ ಪುಸ್ತಕ ತೆಗೆದು, ಇಂಜಿನ್ ಆಯಿಲ್ ಬದಲಿಸಿದ ಸಾಲಿನ ಕೆಳಗೆ ತಾರೀಕು ಹಾಕಿ ಬರೆದರು: ಹಿಂದಿನ ಬಂಪರ್, ಎಡ ತುದಿ. ನಾಲ್ಕು ಬೆರಳು ಅಂಟು. ಉಳಿದದ್ದು ಕ್ಲಿಪ್. ಬಿಚ್ಚಬಹುದು.